ಟೈರ್ ದೊಡ್ಡದಾಯ್ತು, ಮೈಲೇಜ್ ಬಿತ್ತು: ಪಿಕಪ್‌ನಲ್ಲಿ ದೋಷ ಹುಡುಕುವ ಬಗೆ

ಪಿಕಪ್‌ಗೆ ದೊಡ್ಡ ಟೈರ್ ಹಾಕಿಸಿದವರೆಲ್ಲ ತಿಂಗಳೊಳಗೆ ಹೇಳುವ ಮಾತು ಒಂದೇ: ‘ಗಾಡಿ ನೋಡೋಕೆ ಚೆನ್ನಾಗಿದೆ, ಮೈಲೇಜ್ ಮಾತ್ರ ಹೋಯ್ತು.’ ನಾನೂ ಹೇಳಿದ್ದೆ. 265/65 ಆರ್ 17 ಟೈರ್ ತೆಗೆಸಿ 285/70 ಆರ್ 17 ಹಾಕಿಸಿದ್ದೆ. ಅಲ್ಲಿಯವರೆಗೆ ಲೀಟರಿಗೆ 10.8 ಕಿ.ಮೀ. ಕೊಡುತ್ತಿದ್ದ ಗಾಡಿ ಮೊದಲ ಟ್ಯಾಂಕಿನಲ್ಲೇ 9.2ಕ್ಕೆ ಇಳಿಯಿತು. ಏರ್ ಫಿಲ್ಟರ್ ಬದಲಿಸಿದೆ. ಇಂಜೆಕ್ಟರ್ ಕ್ಲೀನ್ ಮಾಡಿಸಿದೆ. ಎರಡೂ ದಂಡ, ಒಂದು ಚೂರೂ ಏರಲಿಲ್ಲ.

ಒಂದು ದಿನ ಸುಮ್ನೆ ಸ್ಟೆಪ್ನಿ ಇಳಿಸಿ ಹಿಂದಿನ ಚಕ್ರದ ಪಕ್ಕ ನಿಲ್ಲಿಸಿದೆ. ಅದು ಹಳೇ ಅಳತೆಯದೇ. ಹೊಸ ಟೈರಿನ ತಲೆ ಸುಮಾರು ಎರಡು ಬೆರಳಿನಷ್ಟು ಮೇಲಿತ್ತು, ಅದೂ ಗಾಡಿಯ ಭಾರ ಹೊತ್ತುಕೊಂಡೇ. ಆಗ ತಲೆಗೆ ಹೊಳೆಯಿತು. ಚಕ್ರ ಒಂದು ಸುತ್ತಿಗೆ ಎಷ್ಟು ದೂರ ಹೋಗುತ್ತದೆ ಅನ್ನೋದೇ ಬದಲಾಗಿದೆ. ಆದರೆ ಮೀಟರ್ ಬೋರ್ಡಿಗೆ ಅದನ್ನು ಯಾರೂ ಹೇಳಿಲ್ಲ. ನನ್ನ ‘ದೋಷ’ದ ಅರ್ಧಕ್ಕೆ ಸ್ವಲ್ಪ ಕಡಿಮೆ ಪಾಲು ಇಂಜಿನ್‌ನಲ್ಲಿ ಇರಲಿಲ್ಲ, ಲೆಕ್ಕದಲ್ಲಿತ್ತು.

ಅದಕ್ಕೇ ಈ ಬರಹದಲ್ಲಿ ಬಾನೆಟ್ ಎತ್ತುವ ಕೆಲಸ ಕೊನೆಗೆ ಬರುತ್ತದೆ. ಮೊದಲು ಟೇಪು, ಚಾಕ್‌ಪೀಸು, ಪೆನ್ನು.

ಮೊದಲು ಮೀಟರಿನ ಸುಳ್ಳು ಹಿಡಿಯಿರಿ

ಟೈರಿನ ಮೈಮೇಲೆ ಬರೆದಿರುವ ಸಂಖ್ಯೆಯಲ್ಲೇ ಎಲ್ಲ ಇದೆ. 265 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಅಂದರೆ ಟೈರಿನ ಗೋಡೆಯ ಎತ್ತರ ಅಗಲದ ಶೇ. 65. 17 ಅಂದರೆ ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಒಂದು ಇಂಚಿಗೆ 25.4 ಮಿ.ಮೀ. ಹಾಗಾದರೆ ಹಳೇ ಟೈರಿನ ಗೋಡೆ 172.25 ಮಿ.ಮೀ. ಮೇಲೊಂದು ಕೆಳಗೊಂದು, ಒಟ್ಟು 344.5. ರಿಮ್ 431.8. ಕೂಡಿಸಿದರೆ ಟೈರಿನ ಪೂರ್ತಿ ಎತ್ತರ 776.3 ಮಿ.ಮೀ. ಹೊಸ ಟೈರಿಗೂ ಹೀಗೇ ಲೆಕ್ಕ ಹಾಕಿದರೆ 830.8 ಮಿ.ಮೀ. ಬರುತ್ತದೆ. ಭಾಗಿಸಿದರೆ 1.07. ಅಂದರೆ ಹೊಸ ಚಕ್ರ ಪ್ರತಿ ಸುತ್ತಿಗೂ ಶೇ. 7ರಷ್ಟು ಹೆಚ್ಚು ದೂರ ಹೋಗುತ್ತದೆ.

ಮೀಟರ್ ಎಣಿಸುವುದು ಸುತ್ತುಗಳನ್ನು, ದೂರವನ್ನಲ್ಲ. ಕೆಲವು ಗಾಡಿಯಲ್ಲಿ ಗಿಯರ್ ಬಾಕ್ಸಿನ ಹೊರಗಿನ ಶಾಫ್ಟಿನಿಂದ ಎಣಿಸುತ್ತದೆ, ಕೆಲವದರಲ್ಲಿ ಚಕ್ರದ ಬಳಿಯ ಎಬಿಎಸ್ ಸೆನ್ಸರಿನಿಂದ. ಎರಡೂ ಕಡೆ ಕಥೆ ಒಂದೇ. ‘ಇಷ್ಟು ಸುತ್ತಾದರೆ ಒಂದು ಕಿಲೋಮೀಟರ್’ ಅಂತ ಕಂಪನಿಯಲ್ಲೇ ಬರೆದಿಟ್ಟಿರುತ್ತಾರೆ. ಹಾಗಾಗಿ ನೀವು 107 ಕಿ.ಮೀ. ಓಡಿಸಿದರೂ ಅದು 100 ಅಂತಲೇ ತೋರಿಸುತ್ತದೆ. ಡೀಸೆಲ್ ಮಾತ್ರ 107 ಕಿ.ಮೀ.ಗೆ ಆಗುವಷ್ಟು ಖರ್ಚಾಗಿರುತ್ತದೆ. ಭಾಗಾಕಾರ ಮಾಡಿದರೆ ಮೈಲೇಜ್ ಬಿದ್ದಂತೆ ಕಾಣದೆ ಇನ್ನೇನು?

ನನ್ನ 9.2ನ್ನು 1.07ರಿಂದ ಗುಣಿಸಿದೆ. 9.84 ಬಂತು. 10.8ರಿಂದ 9.2ಕ್ಕೆ ಬಿದ್ದಿದ್ದರೆ ಶೇ. 15ರಷ್ಟು ನಷ್ಟ. 9.84ಕ್ಕೆ ಬಿದ್ದಿದ್ದರೆ ಶೇ. 9. ಒಂದೇ ಒಂದು ಬೋಲ್ಟ್ ಮುಟ್ಟದೆ ಶೇ. 6ರಷ್ಟು ದೋಷ ನಿವಾರಣೆ ಆಯ್ತು ಅಂತ ಬೇಕಾದರೆ ಹೇಳಿಕೊಳ್ಳಬಹುದು.

ಪುಸ್ತಕದ ಲೆಕ್ಕ ಸಾಲದು ಅನ್ನುವವರು (ನಾನೂ ಅದೇ ಜಾತಿ) ಅಳತೆ ಮಾಡಿಯೇ ನೋಡಬಹುದು. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಚಕ್ರ ನೆಲ ಮುಟ್ಟುವ ಕಡೆ ಟೈರಿನ ಪಕ್ಕಕ್ಕೆ ಚಾಕ್‌ಪೀಸಿನಲ್ಲಿ ಒಂದು ಗೀಟು, ಅದರ ನೇರಕ್ಕೆ ನೆಲದ ಮೇಲೆ ಒಂದು ಗೀಟು. ಒಬ್ಬರು ಗಾಡಿಯನ್ನು ಮೆಲ್ಲಗೆ ಮುಂದೆ ಬಿಡಲಿ, ಇನ್ನೊಬ್ಬರು ಪಕ್ಕದಲ್ಲಿ ಸುತ್ತು ಎಣಿಸಲಿ. ಟೈರಿನ ಗೀಟು ಐದನೇ ಸಲ ನೆಲಕ್ಕೆ ಬಂದಾಗ ನಿಲ್ಲಿಸಿ, ಅಲ್ಲಿ ಮತ್ತೊಂದು ಗೀಟು ಹಾಕಿ ಟೇಪು ಹಿಡಿಯಿರಿ. ಪುಸ್ತಕದ ಲೆಕ್ಕದಲ್ಲಿ ಐದು ಸುತ್ತಿಗೆ 13 ಮೀಟರಿಗಿಂತ ಸ್ವಲ್ಪ ಜಾಸ್ತಿ ಬರಬೇಕು. ಟೇಪಿನಲ್ಲಿ ಅದಕ್ಕಿಂತ ಶೇ. 2-3ರಷ್ಟು ಕಡಿಮೆಯೇ ಬರುತ್ತದೆ. ಗಾಬರಿ ಬೇಡ. ಭಾರಕ್ಕೆ ಟೈರ್ ಕೆಳಗೆ ಕುಗ್ಗಿರುತ್ತದೆ, ಅಷ್ಟೆ. ಹಳೇ ಟೈರ್ ಕೂಡ ಹಾಗೇ ಕುಗ್ಗುತ್ತಿತ್ತು, ಆದ್ದರಿಂದ ಎರಡರ ಅನುಪಾತ ಹೆಚ್ಚೂಕಡಿಮೆ ಬದಲಾಗುವುದಿಲ್ಲ.

ಇನ್ನೂ ಸುಲಭದ ದಾರಿ ಫೋನಿನ ಜಿಪಿಎಸ್. ತಿರುವು ಕಡಿಮೆ ಇರುವ ರಸ್ತೆಯಲ್ಲಿ 50 ಕಿ.ಮೀ. ಓಡಿಸಿ, ಟ್ರಿಪ್ ಮೀಟರ್ ಜೊತೆ ತಾಳೆ ನೋಡಿ. ನನ್ನ ಗಾಡಿಯಲ್ಲಿ ಜಿಪಿಎಸ್ 50 ಅಂದಾಗ ಟ್ರಿಪ್ ಮೀಟರ್ 46.7 ಅಂದಿತು. 50ನ್ನು 46.7ರಿಂದ ಭಾಗಿಸಿದರೆ ಅದೇ 1.07. ಈ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಸನ್ ವೈಸರಿಗೆ ಸಿಕ್ಕಿಸಿಡಿ. ಮುಂದೆ ಎಲ್ಲ ಕಡೆ ಬೇಕಾಗುತ್ತದೆ.

ಒಂದು ಎಚ್ಚರಿಕೆ. ಸ್ಪೀಡೋಮೀಟರ್ ನೋಡಿ ಈ ಲೆಕ್ಕ ಹಾಕಬೇಡಿ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಹಾಗೇ ಇಲ್ಲ. ಅದಕ್ಕೆ ಕಂಪನಿಯವರು ಬೇಕೆಂದೇ ಸ್ವಲ್ಪ ಜಾಸ್ತಿ ತೋರಿಸುವಂತೆ ಇಟ್ಟಿರುತ್ತಾರೆ. ದೂರ ಎಣಿಸುವ ಓಡೋಮೀಟರಿಗೆ ಆ ಜಾಸ್ತಿ ಸೇರಿಸಿರುವುದಿಲ್ಲ. ಒಂದೇ ಡಬ್ಬಿಯಲ್ಲಿ ಕೂತಿದ್ದರೂ ಎರಡರದೂ ಬೇರೆ ಬೇರೆ ಲೆಕ್ಕ.

ಇಲ್ಲೇ ಇನ್ನೊಂದು ಮಾತು. ಅದೇ ಅಳತೆಯ ಹೊಸ ಟೈರ್ ಹಾಕಿಸಿದರೂ ಮೈಲೇಜ್ ಸ್ವಲ್ಪ ಬಿದ್ದಂತೆ ಕಾಣುತ್ತದೆ. ಸವೆದ ಟೈರಿಗೆ ಟ್ರೆಡ್ (ನೆಲ ಮುಟ್ಟುವ ಗೀರು ಗೀರಿನ ರಬ್ಬರ್) 2 ಮಿ.ಮೀ. ಉಳಿದಿದ್ದು ಹೊಸದಕ್ಕೆ 9 ಮಿ.ಮೀ. ಇದ್ದರೆ ಪೂರ್ತಿ ಎತ್ತರದಲ್ಲಿ 14 ಮಿ.ಮೀ. ವ್ಯತ್ಯಾಸ. ನನ್ನ ಹಳೇ ಅಳತೆಗೆ ಅದು ಶೇ. 2ಕ್ಕೆ ಹತ್ತಿರ. ಅಂದರೆ ಸವೆದ ಟೈರಿನಲ್ಲಿ ಮೀಟರ್ ನಿಮ್ಮನ್ನು ಖುಷಿಪಡಿಸುತ್ತಿತ್ತು, ಹೊಸದರಲ್ಲಿ ನಿಜ ಹೇಳುತ್ತಿದೆ. ಜೊತೆಗೆ ದಪ್ಪ ರಬ್ಬರ್ ನೆಲದ ಮೇಲೆ ಜಾಸ್ತಿ ನಲುಗುತ್ತದೆ, ಅದಕ್ಕೂ ಒಂದಿಷ್ಟು ಇಂಧನ ಹೋಗುತ್ತದೆ. ಇದು ದೋಷವಲ್ಲ.

ಟ್ಯಾಂಕ್ ಲೆಕ್ಕ

ಡ್ಯಾಶ್‌ಬೋರ್ಡಿನಲ್ಲಿ ಮಿನುಗುವ ಸರಾಸರಿಯನ್ನು ನಂಬಬೇಡಿ. ಅದು ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನುವುದರಿಂದ ಇಂಧನವನ್ನು ಅಂದಾಜು ಮಾಡುತ್ತದೆ, ದೂರವನ್ನು ಅದೇ ತಪ್ಪು ಮೀಟರಿನಿಂದ ತೆಗೆದುಕೊಳ್ಳುತ್ತದೆ. ಫುಲ್ ಟ್ಯಾಂಕ್ ಲೆಕ್ಕವೇ ಸರಿ. ಒಂದೇ ಬಂಕು, ಸಾಧ್ಯವಾದರೆ ಅದೇ ಪಂಪು, ಗಾಡಿ ನಿಲ್ಲುವ ಜಾಗವೂ ಅದೇ. ನಳಿಕೆ ಮೊದಲ ಸಲ ಟಕ್ ಅಂದಾಗ ನಿಲ್ಲಿಸಿ. ಗಾಡಿ ಅಲ್ಲಾಡಿಸಿ ಇನ್ನೆರಡು ಲೀಟರ್ ತುರುಕುವುದು ಬೇಡ. ಅದರಿಂದಲೇ ಲೆಕ್ಕ ಎಷ್ಟೋ ಸಲ ಕೆಡುತ್ತದೆ. ಮೂರು ಟ್ಯಾಂಕ್ ಓಡಿಸಿ, ಒಟ್ಟು ದೂರವನ್ನು ಒಟ್ಟು ಲೀಟರಿನಿಂದ ಭಾಗಿಸಿ, ಬಂದದ್ದನ್ನು ಚೀಟಿಯ ಸಂಖ್ಯೆಯಿಂದ ಗುಣಿಸಿ.

ತಿದ್ದಿದ ಮೈಲೇಜ್ ಹಳೆಯದಕ್ಕೆ ಸಮ ಬಂದರೆ ಇಲ್ಲಿಗೇ ಓದುವುದು ನಿಲ್ಲಿಸಬಹುದು. ನಿಮ್ಮ ಗಾಡಿಗೆ ಏನೂ ಆಗಿಲ್ಲ. ಮೀಟರಿಗೆ ಹೊಸ ಟೈರ್ ಅಳತೆ ಹಾಕಿಸಿದರೆ ಸಾಕು. ಹಲವು ಗಾಡಿಗಳಲ್ಲಿ ಅದನ್ನು ಸ್ಕ್ಯಾನ್ ಟೂಲ್‌ನಿಂದ ಮಾಡಬಹುದು.

ಸಮ ಬರದಿದ್ದರೆ, ಎಲ್ಲಿ ಬೀಳುತ್ತಿದೆ ಅನ್ನುವುದನ್ನು ಬೇರೆ ಮಾಡಿ. ಒಂದು ಟ್ಯಾಂಕ್ ಬರೀ ಊರೊಳಗೆ, ಒಂದು ಟ್ಯಾಂಕ್ ಬರೀ ಹೈವೇ. ಊರೊಳಗೆ ಮಾತ್ರ ಬೀಳುತ್ತಿದ್ದರೆ ಭಾರ ಮತ್ತು ನಿಂತಲ್ಲಿಂದ ಗಾಡಿ ಎತ್ತುವಾಗಿನ ಗಿಯರಿಂಗ್ ಕಡೆ ನೋಡಬೇಕು. ಹೈವೇಯಲ್ಲಿ ಮಾತ್ರ ಅಂದರೆ ವೇಗ, ಎದುರುಗಾಳಿ, ಮೇಲಿನ ಗಿಯರ್ ನಿಲ್ಲದಿರುವುದು. ಎರಡೂ ಕಡೆ ಒಂದೇ ಸಮ ಬಿದ್ದರೆ ಟೈರಿನೊಳಗಿನ ಗಾಳಿ, ಇಲ್ಲವೇ ಎಲ್ಲೋ ಬ್ರೇಕ್ ಹಿಡಿದಿದೆ. ಟೈರ್ ಹಾಕಿಸಿದ ದಿನದಿಂದ ಅಲ್ಲ, ತಿಂಗಳಾನುಗಟ್ಟಲೆ ನಿಧಾನಕ್ಕೆ ಇಳಿಯುತ್ತ ಬಂದಿದ್ದರೆ ಟೈರನ್ನು ಬಿಟ್ಟು ಇಂಜಿನ್ ನೋಡಿ. ತೆರೆದೇ ಉಳಿದ ಥರ್ಮೋಸ್ಟಾಟ್ (ಇಂಜಿನ್ ಬಿಸಿಯನ್ನು ಹತೋಟಿಯಲ್ಲಿಡುವ ಕವಾಟ), ಸೋತ ಆಕ್ಸಿಜನ್ ಸೆನ್ಸರ್, ಅಂಥವು.

ಗಾಳಿ ಎಷ್ಟಿದೆ?

ನನ್ನ ಗಾಡಿಯಲ್ಲಿ ಸಿಕ್ಕಿದ ಮೊದಲ ನಿಜವಾದ ದೋಷ ಇದೇ. ಟೈರ್ ಹಾಕಿದವರು ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ನೋಡಿ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿದ್ದರು. ಸ್ಟಿಕ್ಕರ್ ಹೇಳುವುದು ಗಾಡಿಯ ಜೊತೆ ಬಂದ ಟೈರಿನ ಬಗ್ಗೆ. ಹೊಸದು ಅಳತೆಯಲ್ಲಷ್ಟೇ ಅಲ್ಲ, ಜಾತಿಯಲ್ಲೂ ಬೇರೆ. ಅದರ ಮೇಲೆ ‘ಎಲ್‌ಟಿ’ ಅಂತ ಇತ್ತು, ಅಂದರೆ ಲೈಟ್ ಟ್ರಕ್ ಟೈರ್. ಇದರ ಗೋಡೆ ದಪ್ಪ, ಪದರ ಜಾಸ್ತಿ. ಅಷ್ಟೇ ಭಾರ ಹೊರಲು ಇದಕ್ಕೆ ಕಾರ್ ಜಾತಿಯ ಟೈರಿಗಿಂತ ಹೆಚ್ಚು ಗಾಳಿ ಬೇಕು. ಕಡಿಮೆ ಗಾಳಿಯಲ್ಲಿ ಓಡಿಸಿದರೆ ಆ ದಪ್ಪ ಗೋಡೆ ಪ್ರತಿ ಸುತ್ತಿಗೂ ಬಗ್ಗಿ ಬಗ್ಗಿ ಬಿಸಿಯಾಗುತ್ತದೆ. ಆ ಬಿಸಿ ನಿಮ್ಮ ಟ್ಯಾಂಕಿನಿಂದಲೇ ಬಂದದ್ದು.

ಹಾಗಂತ ಟೈರಿನ ಗೋಡೆಯ ಮೇಲೆ ಬರೆದ 80 ಪಿಎಸ್‌ಐ ತುಂಬಿಸಬೇಡಿ. ಅದು ಪೂರ್ತಿ ಭಾರಕ್ಕೆ ಹೇಳಿದ ಸಂಖ್ಯೆ. ಖಾಲಿ ಪಿಕಪ್‌ಗೆ ಅಷ್ಟು ಹಾಕಿದರೆ ಹಿಂಬದಿ ಕುಣಿಯುತ್ತದೆ, ಮಳೆಯಲ್ಲಿ ಹಿಡಿತ ಸಿಗುವುದಿಲ್ಲ, ಟೈರ್ ನಡುವೆ ಮಾತ್ರ ಸವೆಯುತ್ತದೆ. ಟೈರ್ ತಯಾರಕರು ಕೊಡುವ ಲೋಡ್ ಪಟ್ಟಿಯಲ್ಲಿ, ನಿಮ್ಮ ಹಳೇ ಟೈರ್ ಸ್ಟಿಕ್ಕರಿನ ಗಾಳಿಯಲ್ಲಿ ಹೊರುತ್ತಿದ್ದಷ್ಟೇ ಭಾರಕ್ಕೆ ಹೊಸ ಟೈರಿಗೆ ಎಷ್ಟು ಗಾಳಿ ಬೇಕು ಅಂತ ನೋಡಿ. ಅದು ಕನಿಷ್ಠ. ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ನನ್ನ ಟೈರಿಗೆ, ನನ್ನ ಹೊರೆಗೆ 42ರಲ್ಲಿ ಸರಿಹೋಯಿತು. ನಿಮ್ಮದು ಬೇರೆ ಬರಬಹುದು.

ತಾಳೆ ನೋಡಲು ಮತ್ತೆ ಚಾಕ್‌ಪೀಸು. ಟ್ರೆಡ್ ಮೇಲೆ ಈ ಅಂಚಿನಿಂದ ಆ ಅಂಚಿನವರೆಗೆ ದಪ್ಪಗೆ ಒಂದು ಪಟ್ಟಿ ಎಳೆಯಿರಿ. ಒಣ ರಸ್ತೆಯಲ್ಲಿ ನೇರಕ್ಕೆ ಸ್ವಲ್ಪ ದೂರ ಓಡಿಸಿ ಇಳಿದು ನೋಡಿ. ಅಂಚುಗಳಲ್ಲಿ ಅಳಿಸಿ ನಡುವೆ ಬಿಳಿ ಉಳಿದಿದ್ದರೆ ಗಾಳಿ ಕಡಿಮೆ. ನಡುವೆ ಮಾತ್ರ ಅಳಿಸಿದ್ದರೆ ಜಾಸ್ತಿ. ಒಂದೇ ಸಮ ಅಳಿಸಿದ್ದರೆ ಸರಿ. ನನ್ನದರಲ್ಲಿ 32ಕ್ಕೆ ನಡುವಿನ ನಾಲ್ಕು ಬೆರಳಗಲ ಬಿಳಿ ಹಾಗೇ ಕೂತಿತ್ತು.

ಅಮೆರಿಕದ ಇಂಧನ ಇಲಾಖೆ ಒಂದು ಅಂದಾಜು ಕೊಡುತ್ತದೆ: ನಾಲ್ಕೂ ಟೈರಿನ ಸರಾಸರಿ ಗಾಳಿ 1 ಪಿಎಸ್‌ಐ ಇಳಿದರೆ ಮೈಲೇಜ್ ಸುಮಾರು ಶೇ. 0.2 ಇಳಿಯುತ್ತದೆ. ಕೇಳೋಕೆ ಚಿಲ್ಲರೆ. 10 ಪಿಎಸ್‌ಐ ಕಡಿಮೆ ಇದ್ದರೆ ಶೇ. 2. ನನ್ನ 9.84 ಹೀಗೇ 10ರ ಆಸುಪಾಸಿಗೆ ಬಂತು.

ಟೈರಿನ ಜಾತಿಗೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಟೈರ್ ಉರುಳಲು ಕೊಡುವ ಅಡ್ಡಿ ಶೇ. 10ರಷ್ಟು ಬದಲಾದರೆ ಇಂಧನ ಖರ್ಚು ಶೇ. 1ರಿಂದ 2ರಷ್ಟು ಬದಲಾಗುತ್ತದೆ ಅಂತ ಅಮೆರಿಕದ ಟ್ರಾನ್ಸ್‌ಪೋರ್ಟೇಶನ್ ರಿಸರ್ಚ್ ಬೋರ್ಡ್ 2006ರಲ್ಲಿ ಲೆಕ್ಕ ಕೊಟ್ಟಿತ್ತು. ಅದು ಕಾರುಗಳ ಲೆಕ್ಕ, ಆದರೆ ದಿಕ್ಕು ತಿಳಿಯಲು ಸಾಕು. ರಸ್ತೆ ಟೈರಿನಿಂದ ದಪ್ಪ ಕಟ್ಟೆಗಳ ಕೆಸರು ಟೈರಿಗೆ ಹೋದವರು ಅಳತೆ ಒಂದೇ ಇದ್ದರೂ ಮೈಲೇಜ್ ಕಳೆದುಕೊಳ್ಳುತ್ತಾರೆ. ವರ್ಷಕ್ಕೆ ಎರಡು ಸಲ ಕೆಸರಿಗೆ ಇಳಿಯುವವರು ಉಳಿದ ದಿನವೆಲ್ಲ ಆ ಗುಂಯ್ ಸದ್ದು ಯಾಕೆ ಕೇಳಬೇಕೋ ನನಗಂತೂ ಗೊತ್ತಿಲ್ಲ.

ಭಾರದ ಬಗ್ಗೆ ಮಾತ್ರ ಜನ ಅಗತ್ಯಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ತಿರುಗುವ ಚಕ್ರದ ಅಂಚಿನಲ್ಲಿರುವ ಭಾರ ವೇಗ ಏರಿಸುವಾಗ ಹೆಚ್ಚೆಂದರೆ ಎರಡರಷ್ಟು ಲೆಕ್ಕಕ್ಕೆ ಬರುತ್ತದೆ. ಟೈರಿಗೆ 8 ಕೆ.ಜಿ.ಯಂತೆ ನಾಲ್ಕಕ್ಕೆ 32 ಕೆ.ಜಿ. ಜಾಸ್ತಿ ಅಂದರೆ, ಎತ್ತುವಾಗ 64 ಕೆ.ಜಿ. ಹೊರೆ ಹಾಕಿದಂತೆ. ಪಕ್ಕದ ಸೀಟಿನಲ್ಲಿ ಒಬ್ಬರು ಕೂತ ಹಾಗೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡುವಾಗ ಗೊತ್ತಾಗುತ್ತದೆ, ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಅಷ್ಟೇನೂ ಇಲ್ಲ.

ಹೈವೇಯಲ್ಲಿ ಬಿದ್ದರೆ: ಮೊದಲು ನಿಮ್ಮ ಬಲಗಾಲು

ಮೀಟರಿನಲ್ಲಿ 100 ಇದ್ದರೆ ಹಳೇ ಟೈರಿನಲ್ಲಿ ಹೋಗುತ್ತಿದ್ದುದಕ್ಕಿಂತ ಈಗ ಶೇ. 7 ಹೆಚ್ಚು ವೇಗದಲ್ಲಿ ಹೋಗುತ್ತಿದ್ದೀರಿ. ಎದುರುಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 1.07ನ್ನು 1.07ರಿಂದ ಗುಣಿಸಿದರೆ ಸುಮಾರು 1.145. ಶೇ. 14ಕ್ಕೂ ಜಾಸ್ತಿ ಗಾಳಿ ತಡೆಯನ್ನು ಗೊತ್ತಿಲ್ಲದೇ ತಳ್ಳುತ್ತಿದ್ದೀರಿ. ಪಿಕಪ್ ಮೊದಲೇ ಗೋಡೆಯಂಥ ಮೂತಿಯ ಗಾಡಿ. ದೊಡ್ಡ ಟೈರಿನಿಂದ ಅದು ಇನ್ನೂ ಮೇಲೆ ಎದ್ದಿದೆ, ಅಡಿಯಲ್ಲಿ ಗಾಳಿ ನುಗ್ಗಲು ಜಾಗ ಜಾಸ್ತಿಯಾಗಿದೆ. ಜಿಪಿಎಸ್ ವೇಗ ನೋಡಿಕೊಂಡು ಒಂದು ಟ್ಯಾಂಕ್ ಓಡಿಸಿ. ನಾನು ಹಾಗೆ ಮಾಡಿದಾಗ 10.3 ಬಂತು. ದಂಡದ ಚೀಟಿಯೂ ತಪ್ಪಿತು ಅನ್ನಿ.

ಇದಾದ ಮೇಲೂ ಹೈವೇ ಮೈಲೇಜ್ ಕೆಟ್ಟದಾಗೇ ಇದ್ದರೆ ಗಿಯರ್ ಕಡೆ ಬನ್ನಿ.

ಆರ್‌ಪಿಎಂ ಕಡಿಮೆ ಆಯ್ತು, ಮೈಲೇಜ್ ಯಾಕೆ ಏರಲಿಲ್ಲ?

ಇದು ನನ್ನನ್ನು ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ. ದೊಡ್ಡ ಟೈರ್ ಅಂದರೆ ಚಕ್ರ ಕಡಿಮೆ ಸುತ್ತು ಸುತ್ತುತ್ತದೆ, ಇಂಜಿನ್ನಿನ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅದು ಸುತ್ತುವ ಸುತ್ತೂ ಕಡಿಮೆಯಾಗುತ್ತದೆ, ಹಾಗಾದರೆ ಡೀಸೆಲ್ ಉಳಿಯಬೇಕಲ್ವಾ? ತರ್ಕ ತಪ್ಪಲ್ಲ. ಕಂಪನಿಗಳೇ ಒಂದೇ ಪಿಕಪ್ಪನ್ನು ಎರಡು ಮೂರು ಹೌಸಿಂಗ್ ರೇಶಿಯೋಗಳಲ್ಲಿ ಮಾರುತ್ತವೆ. ಹೌಸಿಂಗ್ ಅಂದರೆ ಎಡ-ಬಲ ಚಕ್ರಗಳ ನಡುವೆ ಇರುವ ಡಿಫರೆನ್ಶಿಯಲ್ ಗಿಯರಿನ ಡಬ್ಬಿ. 3.21, 3.55ರಂಥ ಚಿಕ್ಕ ಸಂಖ್ಯೆಯದು ಖಾಲಿ ಓಡಿಸುವವರಿಗೆ, ಇಂಧನ ಉಳಿಸಲು. 3.92, 4.10ರಂಥ ದೊಡ್ಡ ಸಂಖ್ಯೆಯದು ಟ್ರೇಲರ್ ಎಳೆಯುವವರಿಗೆ. ಗಿಯರ್ ಬಾಕ್ಸಿನಿಂದ ಹೌಸಿಂಗಿಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿದರೆ ಚಕ್ರ ಒಂದು ಸುತ್ತು ಬರುತ್ತದೆ ಅನ್ನುವುದೇ ಆ ಸಂಖ್ಯೆ. ಹೌಸಿಂಗಿನೊಳಗಿನ ದೊಡ್ಡ ಗಿಯರ್ ಕ್ರೌನ್‌ಗೆ 41 ಹಲ್ಲು, ಅದನ್ನು ತಿರುಗಿಸುವ ಚಿಕ್ಕ ಗಿಯರ್ ಪಿನಿಯನ್‌ಗೆ 11 ಹಲ್ಲು ಇದ್ದರೆ 3.73. ಪಿನಿಯನ್‌ಗೆ 10 ಹಲ್ಲಾದರೆ 4.10.

ನಿಮ್ಮ ಹೌಸಿಂಗ್ 3.73 ಇದ್ದು ಟೈರ್ ಶೇ. 7 ದೊಡ್ಡದಾದರೆ, 3.73ನ್ನು 1.07ರಿಂದ ಭಾಗಿಸಿ. 3.49 ಬರುತ್ತದೆ. ಅಂದರೆ ಯಾರೋ ರಾತ್ರೋರಾತ್ರಿ ಬಂದು ನಿಮ್ಮ ಹೌಸಿಂಗ್ ಬಿಚ್ಚಿ 3.49ರ ಕ್ರೌನ್-ಪಿನಿಯನ್ ಹಾಕಿ ಹೋದಂತೆ. ಪಿಕಪ್ಪಿನ ಪಿಕಪ್ಪೇ ಹೋಯ್ತು ಅಂತ ಜನ ಅನ್ನುವುದು ಇದಕ್ಕೇ.

ಈಗ ಲೆಕ್ಕವನ್ನು ಹತ್ತಿರದಿಂದ ನೋಡೋಣ. ಆರನೇ ಗಿಯರಿನ ರೇಶಿಯೋ (ಪ್ರೊಪೆಲ್ಲರ್ ಶಾಫ್ಟ್ ಒಂದು ಸುತ್ತು ಬರಲು ಇಂಜಿನ್ ಎಷ್ಟು ಸುತ್ತಬೇಕು ಅನ್ನುವುದು) 0.69, ಐದನೆಯದು 0.87 ಇರುವ ಆಟೋಮ್ಯಾಟಿಕ್ ಅಂದುಕೊಳ್ಳಿ. ನಿಜವಾದ ವೇಗ 100 ಕಿ.ಮೀ. ಗಂಟೆಗೆ 100 ಅಂದರೆ ನಿಮಿಷಕ್ಕೆ 1,667 ಮೀಟರ್. ಹಳೇ ಟೈರಿನ ಸುತ್ತಳತೆ 2.439 ಮೀಟರ್, ಆದ್ದರಿಂದ ಚಕ್ರ ನಿಮಿಷಕ್ಕೆ 683 ಸುತ್ತು. ಅದನ್ನು 3.73ರಿಂದ, ಮತ್ತೆ 0.69ರಿಂದ ಗುಣಿಸಿದರೆ ಇಂಜಿನ್ ಸುಮಾರು 1,760 ಆರ್‌ಪಿಎಂ. ಹೊಸ ಟೈರಿನ ಸುತ್ತಳತೆ 2.610 ಮೀಟರ್, ಚಕ್ರ 639 ಸುತ್ತು, ಇಂಜಿನ್ ಸುಮಾರು 1,645. ಕಾಗದದ ಮೇಲೆ ಉಳಿತಾಯವೇ.

ಆದರೆ ಗಾಡಿ ಕಾಗದದ ಮೇಲೆ ಓಡುವುದಿಲ್ಲ. ಸಣ್ಣ ಏರು ಬಂತು. 1,645ರಲ್ಲಿ ಇಂಜಿನ್‌ಗೆ ಅಷ್ಟು ದಮ್ಮಿಲ್ಲ. ಚಕ್ರ ದೊಡ್ಡದಾದ್ದರಿಂದ ನೆಲಕ್ಕೆ ಸಿಗುವ ತಳ್ಳುವ ಬಲವೂ ಶೇ. 6-7 ಕಡಿಮೆ. ನೀವು ಇನ್ನಷ್ಟು ಒತ್ತುತ್ತೀರಿ. ಗಿಯರ್ ಬಾಕ್ಸ್ ಐದಕ್ಕೆ ಇಳಿಯುತ್ತದೆ. ಹೊಸ ಟೈರಿನಲ್ಲಿ ಐದನೇ ಗಿಯರಿನ ಲೆಕ್ಕ ಎಷ್ಟು ಗೊತ್ತಾ? ಸುಮಾರು 2,070 ಆರ್‌ಪಿಎಂ. ಹಳೇ ಟೈರಿನಲ್ಲಿ ಆರನೇ ಗಿಯರಿನಲ್ಲೇ 1,760ರಲ್ಲಿ ಆರಾಮಾಗಿ ಏರುತ್ತಿದ್ದ ದಿಣ್ಣೆಯನ್ನು ಈಗ 2,070ರಲ್ಲಿ ಏರುತ್ತಿದೆ. ದಿಣ್ಣೆ ಮುಗಿದ ಮೇಲೆ ಆರಕ್ಕೆ, ಮತ್ತೆ ಐದಕ್ಕೆ, ಮತ್ತೆ ಆರಕ್ಕೆ. ಉಳಿತಾಯ ಅಲ್ಲೇ ಸೋರಿಹೋಗುತ್ತದೆ.

ಪೆಟ್ರೋಲ್ ಇಂಜಿನ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಥ್ರಾಟಲ್ (ಇಂಜಿನ್ ಒಳಗೆ ಗಾಳಿ ಬಿಡುವ ಕವಾಟ) ಅರೆ ಮುಚ್ಚಿದ್ದಾಗ ಇಂಜಿನ್‌ಗೆ ಗಾಳಿ ಎಳೆದುಕೊಳ್ಳುವುದಕ್ಕೇ ಶಕ್ತಿ ಪೋಲಾಗುತ್ತದೆ. ಅದಕ್ಕೇ ಕಡಿಮೆ ಸುತ್ತು, ಜಾಸ್ತಿ ಥ್ರಾಟಲ್ ಒಂದು ಮಟ್ಟದವರೆಗೆ ಒಳ್ಳೆಯದು. ಆ ಮಟ್ಟ ದಾಟಿ ಪೂರ್ತಿ ಒತ್ತುವ ಹತ್ತಿರಕ್ಕೆ ಹೋದರೆ ಇಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಹೆಚ್ಚುವರಿ ಪೆಟ್ರೋಲ್ ಸುರಿಯತೊಡಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಖಾಲಿ ಗಾಡಿ ಓಡಿಸುವವರಿಗೆ ದೊಡ್ಡ ಟೈರ್ ಅಷ್ಟೇನೂ ನಷ್ಟ ಮಾಡದಿರುವುದು, ಏರು-ತಗ್ಗಿನ ರಸ್ತೆಯಲ್ಲಿ ಹೊರೆ ಎಳೆಯುವವರಿಗೆ ಕೈ ಕಚ್ಚುವುದು, ಎರಡಕ್ಕೂ ಕಾರಣ ಇದೇ.

ಪರೀಕ್ಷೆ ಹೇಗೆ? ಒಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರನ್ನು ಓದುವ ಸಾಕೆಟ್) ಸಿಕ್ಕಿಸುವ ಸಣ್ಣ ಡಾಂಗಲ್ ಮತ್ತು ಫೋನ್ ಸಾಕು. ಪಕ್ಕದಲ್ಲಿ ಒಬ್ಬರು ಕೂತು ಆರ್‌ಪಿಎಂ, ಜಿಪಿಎಸ್ ವೇಗ ಎರಡನ್ನೂ ನೋಡಲಿ. ನೀವು ರಸ್ತೆ ನೋಡಿ. ಮೇಲಿನ ಲೆಕ್ಕವನ್ನು ನಿಮ್ಮ ಗಾಡಿಯ ಸಂಖ್ಯೆಗಳಿಂದ ಮೊದಲೇ ಮಾಡಿಟ್ಟುಕೊಂಡಿದ್ದರೆ, ಆರ್‌ಪಿಎಂ ನೋಡಿದ ತಕ್ಷಣ ಯಾವ ಗಿಯರಿನಲ್ಲಿದ್ದೀರಿ ಅಂತ ಹೇಳಬಹುದು. ದಿನಾ ಹೋಗುವ ರಸ್ತೆಯಲ್ಲಿ ಮೇಲಿನ ಗಿಯರ್ ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಸಲ ಬಿಡುತ್ತದೆ ಅಂತ ಎಣಿಸಿ.

ಆರ್‌ಪಿಎಂ ಲೆಕ್ಕಕ್ಕಿಂತ 200-300 ಜಾಸ್ತಿ ಇದ್ದು, ಕೆಳಗಿನ ಗಿಯರಿಗೂ ಹೊಂದದಿದ್ದರೆ ಟಾರ್ಕ್ ಕನ್ವರ್ಟರ್ (ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಬದಲು ಎಣ್ಣೆಯ ಮೂಲಕ ಓಟ ದಾಟಿಸುವ ಭಾಗ) ಲಾಕ್ ಆಗಿಲ್ಲ. ಹಿಂದೆ ಯಾವ ಗಾಡಿಯೂ ಇಲ್ಲದಾಗ, ಒಂದೇ ವೇಗದಲ್ಲಿ ಹೋಗುತ್ತ, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿ. ಬಹಳಷ್ಟು ಗಾಡಿಯಲ್ಲಿ ಲಾಕ್ ಆಗಿದ್ದರೆ ಅದು ಬಿಟ್ಟುಕೊಂಡು ಆರ್‌ಪಿಎಂ ಸ್ವಲ್ಪ ಮೇಲೆ ಹಾರುತ್ತದೆ. ಏನೂ ಆಗದಿದ್ದರೆ ಲಾಕ್ ಆಗಿರಲೇ ಇಲ್ಲ. ಲಾಕ್ ಆಗದ ಕನ್ವರ್ಟರ್ ಎಣ್ಣೆಯನ್ನು ಕಡೆಯುತ್ತ ಇಂಧನ ತಿನ್ನುತ್ತದೆ, ಗಿಯರ್ ಎಣ್ಣೆಯೂ ಕಾಯುತ್ತದೆ. ಟ್ರೇಲರ್ ಎಳೆಯುವವರು ಇದನ್ನು ಸುಮ್ಮನೆ ಬಿಡಬೇಡಿ.

ಮ್ಯಾನ್ಯುಯಲ್ ಗಿಯರಿನವರಿಗೆ ಪರೀಕ್ಷೆಯೇ ಬೇಡ. ಮೇಲಿನ ಗಿಯರ್ ಹಾಕಿದರೆ ಗಾಡಿ ಗುದ್ದುತ್ತದೆ, ಕೈ ತಾನಾಗೇ ಕೆಳಗಿನ ಗಿಯರಿಗೆ ಹೋಗುತ್ತದೆ. ಒಂದು ವಾರ ಗಮನಿಸಿ. ಮೇಲಿನ ಗಿಯರ್ ಹಾಕುವುದನ್ನೇ ಬಿಟ್ಟಿದ್ದರೆ ನಿಮಗೆ ಉತ್ತರ ಸಿಕ್ಕಿತು.

ಹೌಸಿಂಗ್ ರೇಶಿಯೋ ಗೊತ್ತಿಲ್ಲದಿದ್ದರೆ

ಹೌಸಿಂಗಿನ ಮುಚ್ಚಳದ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಚೀಟಿಯಲ್ಲಿ ಅಥವಾ ಬಾಗಿಲ ಸ್ಟಿಕ್ಕರಿನ ಕೋಡಿನಲ್ಲಿ ಇರಬಹುದು. ಇಲ್ಲದಿದ್ದರೆ ಎಣಿಸಿ. ಮುಂದಿನ ಎರಡೂ ಚಕ್ರಕ್ಕೆ ಎರಡೂ ಕಡೆ ಅಡ್ಡಗಲ್ಲು ಕೊಡಿ. ಇದನ್ನು ಬಿಡಲೇಬೇಡಿ, ಯಾಕೆಂದರೆ ಮುಂದೆ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಬಿಡಬೇಕು. ಹಿಂದಿನ ಒಂದೇ ಚಕ್ರವನ್ನು ಜ್ಯಾಕಿಯಿಂದ ಎತ್ತಿ ಸ್ಟ್ಯಾಂಡ್ ಇಡಿ. ಬರೀ ಜ್ಯಾಕಿ ನಂಬಿ ಅಡಿಗೆ ನುಗ್ಗಬೇಡಿ. ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಚಾಕ್‌ಪೀಸಿನ ಗೀಟು ಹಾಕಿ. ಎತ್ತಿದ ಚಕ್ರವನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತಿತು ಎಣಿಸಿ. ಮೂರು ಮುಕ್ಕಾಲಿಗೆ ಚೂರು ಕಮ್ಮಿ ಬಂದರೆ 3.73. ನಾಲ್ಕು ದಾಟಿ ಸ್ವಲ್ಪ ಹೋದರೆ 4.10.

ಎರಡು ಸುತ್ತು ಯಾಕೆಂದರೆ, ಒಂದು ಚಕ್ರ ನೆಲ ಕಚ್ಚಿ ನಿಂತಾಗ ಇನ್ನೊಂದು ಚಕ್ರ ಎರಡು ಸುತ್ತಿದರೆ ಮಾತ್ರ ಕ್ರೌನ್ ಒಂದು ಸುತ್ತು ಬರುತ್ತದೆ. ಎರಡು ಚಕ್ರ ಬೇರೆ ಬೇರೆ ಸುತ್ತದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಅಥವಾ ಲಾಕರ್ ಇದ್ದರೆ ಹೀಗೆ ತಿರುಗುವುದಿಲ್ಲ. ಆಗ ಹಿಂದಿನ ಎರಡೂ ಚಕ್ರ ಎತ್ತಿ, ಒಂದೇ ಸುತ್ತು ತಿರುಗಿಸಿ ಎಣಿಸಿ.

ಟೈರ್ ಹಾಕಿಸಿದ ದಿನ ಸೇರಿಕೊಂಡ ಬೇರೆ ದೋಷ

ಅರ್ಧ ಗಂಟೆ ಓಡಿಸಿ, ಕೊನೆಯಲ್ಲಿ ಜಾಸ್ತಿ ಬ್ರೇಕ್ ಒತ್ತದೆ ನಿಲ್ಲಿಸಿ, ನಾಲ್ಕೂ ರಿಮ್ಮಿನ ನಡುವಿನ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ, ಹಿಡಿದರೆ ಸಾಕು. ಒಂದು ಮಾತ್ರ ಉಳಿದ ಮೂರಕ್ಕಿಂತ ಕಾದಿದ್ದರೆ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಕೆಟ್ಟಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಟೈರ್ ಮಡ್‌ಗಾರ್ಡ್ ಒಳಗೆ ಉಜ್ಜಿದ ಗುರುತು ಇದೆಯಾ ನೋಡಿ. ಗಾಡಿ ಎತ್ತರಿಸಿದ್ದರೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದ ಚಕ್ರ ಉರುಳುವ ಜೊತೆಗೆ ಎಳೆದಾಡುತ್ತದೆ. ಟ್ರೆಡ್ ಮೇಲೆ ಅಂಗೈಯನ್ನು ಅಡ್ಡಡ್ಡ ಸವರಿ. ಒಂದು ಕಡೆಗೆ ನುಣ್ಣಗೆ, ವಾಪಸ್ ಬರುವಾಗ ಗರಗಸದ ಹಲ್ಲಿನ ಹಾಗೆ ತಾಗಿದರೆ ಅದೇ.

ನಾಲ್ಕು ಚಕ್ರಕ್ಕೂ ಓಟ ಕೊಡುವ ಗಾಡಿಯಾದರೆ ಹಳೇ ಅಳತೆಯ ಸ್ಟೆಪ್ನಿ ಹಾಕಿಕೊಂಡು ಓಡಿಸಬೇಡಿ. ಎಡ-ಬಲ ಚಕ್ರದ ಸುತ್ತು ಬೇರೆಯಾಗಿ ಡಿಫರೆನ್ಶಿಯಲ್ ಒಂದೇ ಸಮನೆ ತೇಯುತ್ತದೆ. ನನ್ನ ಸ್ಟೆಪ್ನಿಯನ್ನೂ ಆಮೇಲೆ ಬದಲಿಸಿದೆ.

ಕ್ರೌನ್-ಪಿನಿಯನ್ ಬದಲಿಸಬೇಕಾ?

ಹಳೇ ಗಿಯರಿಂಗ್ ವಾಪಸ್ ಬೇಕಾದರೆ ಹಳೇ ರೇಶಿಯೋವನ್ನು ಟೈರಿನ ಅನುಪಾತದಿಂದ ಗುಣಿಸಿ. 3.73 ಗುಣಿಸು 1.07, ಅಂದರೆ 3.99. ಅಂಗಡಿಯಲ್ಲಿ ಅದು ಸಿಗುವುದಿಲ್ಲ. ಹತ್ತಿರದ್ದು 3.92 ಅಥವಾ 4.10. ಮೇಲಿನ ಉದಾಹರಣೆಗೆ 3.92 ಹಾಕಿದರೆ 100ರಲ್ಲಿ ಸುಮಾರು 1,725 ಆರ್‌ಪಿಎಂ, 4.10 ಹಾಕಿದರೆ ಸುಮಾರು 1,805. ಹೊರೆ ಎಳೆಯುವವರಿಗೆ ನಾನು 4.10 ಅನ್ನುತ್ತೇನೆ, ಇಲ್ಲದಿದ್ದರೆ 3.92.

ಆದರೆ ಬರೀ ಮೈಲೇಜ್‌ಗೋಸ್ಕರ ಈ ಕೆಲಸಕ್ಕೆ ಕೈ ಹಾಕಬೇಡಿ. ಫೋರ್ ವೀಲ್ ಗಾಡಿಯಲ್ಲಿ ಮುಂದಿನ ಹೌಸಿಂಗ್, ಹಿಂದಿನ ಹೌಸಿಂಗ್ ಎರಡನ್ನೂ ಬದಲಿಸಬೇಕು. ಒಂದನ್ನೇ ಬದಲಿಸಿ ಫೋರ್ ವೀಲ್ ಹಾಕಿದರೆ ಗಿಯರ್ ಮುರಿಯುತ್ತದೆ. ಉಳಿಯುವ ಇಂಧನದಿಂದ ಆ ಖರ್ಚು ಹುಟ್ಟಲು ವರ್ಷಗಳೇ ಬೇಕು. ಟೈರ್ ಶೇ. 4-5ರ ಒಳಗೆ ದೊಡ್ಡದಾಗಿದ್ದರೆ, ಅಥವಾ ಹತ್ತು ಗಿಯರಿನ ಹೊಸ ಆಟೋಮ್ಯಾಟಿಕ್ ಇದ್ದರೆ, ಬಹುತೇಕ ಬೇಕಾಗುವುದೇ ಇಲ್ಲ. ಟೈರ್ ಶೇ. 10 ದಾಟಿ ದೊಡ್ಡದಾಗಿದೆ, ಮೇಲಿನ ಗಿಯರ್ ನಿಲ್ಲುತ್ತಿಲ್ಲ, ಟ್ರೇಲರ್ ಎಳೆಯುತ್ತೀರಿ, ಈ ಮೂರೂ ಇದ್ದರೆ ಮಾಡಿಸಿ. ಗಾಡಿ ಎಳೆಯುವ ಬಗೆಯೇ ಬದಲಾಗುತ್ತದೆ. ಮೈಲೇಜ್ ಏರಿದರೆ ಅದು ಮೇಲಿಂದ ಬಂದ ಲಾಭ. ನಾನು ಮಾಡಿಸಲಿಲ್ಲ. ನನ್ನ ಗಾಡಿ 10.3ಕ್ಕೆ ನಿಂತಿದೆ. 10.8ಕ್ಕೆ ಉಳಿದಿರುವ ಆ ಅರ್ಧ ಕಿಲೋಮೀಟರ್ ದಪ್ಪ ಟ್ರೆಡ್ಡಿಗೆ, ಎತ್ತರಕ್ಕೆ ಹೋಗುತ್ತಿದೆ. ಅದನ್ನು ನಾನೇ ಆರಿಸಿಕೊಂಡದ್ದು.

ಮಾಡಿಸಿದವರು ಹೊಸ ಹಲ್ಲುಗಳನ್ನು ಪಳಗಿಸಬೇಕು. ಮೊದಲ ಸಲ 25-30 ಕಿ.ಮೀ. ಓಡಿಸಿ ಹೌಸಿಂಗ್ ಪೂರ್ತಿ ತಣ್ಣಗಾಗಲು ಬಿಡಿ. ಮೊದಲ 800 ಕಿ.ಮೀ. ಟ್ರೇಲರ್ ಕಟ್ಟಬೇಡಿ, ಆಮೇಲೆ ಹೌಸಿಂಗ್ ಎಣ್ಣೆ ಬದಲಿಸಿ. ಹೊಸ ರೇಶಿಯೋವನ್ನೂ ಟೈರಿನ ಅಳತೆಯನ್ನೂ ಕಂಪ್ಯೂಟರಿಗೆ ಹಾಕಿಸಿ, ಮತ್ತೆ 50 ಕಿ.ಮೀ. ಜಿಪಿಎಸ್ ಜೊತೆ ತಾಳೆ ನೋಡಿ. ಮೀಟರ್ ಸರಿಹೋಗಿದ್ದರೆ ಸನ್ ವೈಸರಿನ ಚೀಟಿ ಹರಿದು ಹಾಕಿ, ಇಲ್ಲದಿದ್ದರೆ ಲೆಕ್ಕ ಎರಡೆರಡು ಸಲ ತಿದ್ದಿದಂತಾಗುತ್ತದೆ.